ಕಾಲು ಮೊದಲು, ಕೈ ಆಮೇಲೆ

ನನ್ನ ಚಿಕ್ಕಮ್ಮ ಟೈಲರ್. ‘ಟೈಲರ್ ಆಗಿದ್ದಳು’ ಎಂದು ಯಾರಾದರೂ ಅಂದರೆ ಜಗಳಕ್ಕೇ ಬರುತ್ತಾಳೆ. ಅಂಗಡಿ ಮುಚ್ಚಿ ಒಂದೂವರೆ ವರ್ಷವಾಯಿತು, ಸೂಜಿಗೆ ದಾರ ಪೋಣಿಸಬೇಕಾದರೆ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಬೇಕು. ಆದರೂ ಬಾಗಿಲಲ್ಲಿ ಯಾರು ಬಂದು ನಿಂತರೂ ಮುಖಕ್ಕಿಂತ ಮೊದಲು ಅವರ ಭುಜ ನೋಡುತ್ತಾಳೆ. ನನ್ನನ್ನು ಕಂಡಾಗ ಅವಳ ಮೊದಲ ಮಾತು ‘ಬಾ’ ಅಲ್ಲ. “ಎಡಗಡೆ ಭುಜ ಇನ್ನೂ ಇಳೀತಾನೇ ಇದೆಯಲ್ಲೇ ಪುಟ್ಟಿ, ಆ ಚೀಲ ಬಲಗಡೆಗೆ ಹಾಕ್ಕೋ ಅಂತ ಎಷ್ಟು ಸಲ ಬಡ್ಕೋಬೇಕು ನಾನು?” ಈ ಪುಟ್ಟಿಗೆ ನಲವತ್ತು ವರ್ಷ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ದಿನಕ್ಕೆ ಐವತ್ತು ಜನರ ಮೂಳೆ ನೋಡುವ ನನಗೆ ನನ್ನದೇ ಭುಜದ ಸಮಾಚಾರ ಇವಳಿಂದ ತಿಳಿಯಬೇಕು.

ಇಂಥ ಚಿಕ್ಕಮ್ಮ ತನಗೆ ಮರೆವಿನ ಕಾಯಿಲೆ ಹಿಡಿಯಿತೆಂದು ಐದು ವಾರ ಯಾರ ಹತ್ತಿರವೂ ಬಾಯಿಬಿಡದೆ ನಂಬಿಕೊಂಡು ಕೂತಿದ್ದಳು. ಹಾಗೆ ನಂಬಿಸಿದ್ದು ಅವಳ ಮನೆಯ ಹಜಾರದಲ್ಲಿದ್ದ ಒಂದು ಡಿಜಿಟಲ್ ಪಿಯಾನೊ. ಅದರ ಕಥೆ ಹೇಳಬೇಕೆಂದೇ ಕೂತಿದ್ದೇನೆ. ಆದರೆ ಅದನ್ನು ಅಂಗಡಿಯಿಂದಲೇ ಶುರುಮಾಡಬೇಕು.

ಅಂಗಡಿಯಲ್ಲಿ ಎರಡು ಹೊಲಿಗೆ ಯಂತ್ರಗಳಿದ್ದವು, ಎದುರುಬದುರು. ಒಂದು ಚಿಕ್ಕಮ್ಮನದು, ಇನ್ನೊಂದು ನನ್ನ ಅಮ್ಮನದು. ಅಮ್ಮ ತಂಗಿಗಿಂತ ಒಂಬತ್ತು ವರ್ಷ ದೊಡ್ಡವಳು. ಅಕ್ಕ ಎನ್ನುವುದಕ್ಕಿಂತ ಗುರು ಎನ್ನುವುದೇ ಸರಿ. ಎರಡೂ ಕಾಲಲ್ಲಿ ತುಳಿಯುವ ಯಂತ್ರಗಳು. ಮೋಟಾರು ಹಾಕಿಸಿಕೊಳ್ಳಿ ಎಂದು ಬೀದಿಯವರೆಲ್ಲ ಹೇಳಿದರೂ ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಹದಿನಾರರ ತಂಗಿಯನ್ನು ಯಂತ್ರದ ಮುಂದೆ ಕೂರಿಸಿದ ದಿನ ಅವಳು ಕೊಟ್ಟ ಮೊದಲ ಪಾಠ ಇದು: “ಕಾಲು ಮೊದಲು, ಕೈ ಆಮೇಲೆ.” ಅಂದರೆ, ಮೊದಲು ಪೆಡಲ್ಲಿನ ಮೇಲೆ ಪಾದ ಊರಿ ಬಿಗಿಯಾಗಿ ಹಿಡಿಯಬೇಕು, ಆಮೇಲೆ ಬಲಗೈ ಚಾಚಿ ಪಕ್ಕದ ಚಕ್ರ ತಿರುಗಿಸಬೇಕು. ಕಾಲು ತಯಾರಿಲ್ಲದೆ ಕೈ ಆತುರಪಟ್ಟರೆ ಚಕ್ರ ಹಿಂದಕ್ಕೆ ತಿರುಗುತ್ತದೆ, ದಾರ ಸಿಕ್ಕಾಗಿ ಪಟ್ಟನೆ ಕಡಿಯುತ್ತದೆ. ಮೊದಲ ವಾರ ಚಿಕ್ಕಮ್ಮ ಹದಿನೇಳು ಸಲ ದಾರ ಕಡಿದಳಂತೆ. ಹದಿನೇಳು ಸಲವೂ ಅಮ್ಮ ಮರದ ಅಡಿಕೋಲಿನಿಂದ ಅವಳ ಮೊಣಕಾಲು ತಟ್ಟಿ “ಕಾಲು ಮೊದಲು” ಎಂದಳಂತೆ. ಆಮೇಲೆ ನಲವತ್ತಮೂರು ವರ್ಷ ಆ ಪಾಠ ತಪ್ಪಲಿಲ್ಲ.

ಅಂಗಡಿಯ ಮೇಲ್ಮಹಡಿಯಲ್ಲಿ ಒಬ್ಬ ಟೀಚರು ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ಶುರುವಾದರೆ ಸಂಜೆ ಏಳರವರೆಗೆ. ಸೂರು ತೆಳ್ಳಗಿತ್ತು, ಎಲ್ಲವೂ ಕೆಳಗೆ ಕೇಳುತ್ತಿತ್ತು. ಯಾವ ದಿನ ಯಾವ ಮಗು ಬರುತ್ತದೆ, ಯಾವುದು ಎಲ್ಲಿ ಎಡವುತ್ತದೆ ಎನ್ನುವುದು ಅಕ್ಕತಂಗಿಯರಿಗೆ ಬಾಯಿಪಾಠ. “ಈಗ ಎಡವುತ್ತೆ ನೋಡು,” ಎಂದು ಅಮ್ಮ ಹೇಳುವುದಕ್ಕೂ ಮೇಲೆ ಎಡವುವುದಕ್ಕೂ ಸರಿಹೋಗುತ್ತಿತ್ತು. ಹೊಸದಾಗಿ ಸೇರಿದ ಮಕ್ಕಳಿಗೆಲ್ಲ ಆ ಟೀಚರು ತಾವೇ ಕಟ್ಟಿದ ಮೂರು ಸಾಲಿನ ಒಂದು ನಿಧಾನದ ಮಟ್ಟು ಕಲಿಸುತ್ತಿದ್ದರು. ವರ್ಷಕ್ಕೆ ಹತ್ತು ಹದಿನೈದು ಮಕ್ಕಳು, ಎಲ್ಲರಿಗೂ ಅದೇ ಮಟ್ಟು. ಅಮ್ಮ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅದನ್ನು ಮೂಗಿನಲ್ಲಿ ಗುನುಗುತ್ತಿದ್ದಳು. ನನಗೆ ಜೋಗುಳ ಎಂದರೆ ಅದೇ.

ಆರು ವರ್ಷದ ಹಿಂದೆ ಅಮ್ಮನಿಗೆ ಮರೆವು ಶುರುವಾಯಿತು. ಮೊದಮೊದಲು ಅವಳು ಹೇಳುತ್ತಿದ್ದದ್ದು ಇಷ್ಟೇ: “ಎಲ್ಲರ ಮಾತೂ ಒಂದರ ಮೇಲೊಂದು ಬಿದ್ದ ಹಾಗೆ ಕೇಳುತ್ತೆ ಕಣೇ.” ನಾವು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು, ಬುದ್ಧಿವಂತರು ನಾವು. ಮನೆಗೆ ಯಾರಾದರೂ ಬಂದಾಗ ಅವಳು ಸರಿಯಾಗಿಯೇ ಇರುತ್ತಿದ್ದಳು. ಒಬ್ಬಳೇ ಇದ್ದಾಗ ಮಾತ್ರ ದಾರಿ ತಪ್ಪುತ್ತಿದ್ದಳು. ಅಡುಗೆಮನೆಯ ಡಬ್ಬಗಳ ಮೇಲೆ ‘ಉಪ್ಪು’, ‘ಸಕ್ಕರೆ’ ಎಂದು ಚೀಟಿ ಬರೆದು ಅಂಟಿಸಿಕೊಂಡಳು. ಕೊನೆಕೊನೆಗೆ ನನ್ನನ್ನೂ ಗುರುತಿಸಲಿಲ್ಲ. ಆದರೆ ಕುರ್ಚಿಯಲ್ಲಿ ಕೂರಿಸಿದರೆ ಅವಳ ಪಾದಗಳು ಮಾತ್ರ ಹಿಮ್ಮಡಿ-ಬೆರಳು, ಹಿಮ್ಮಡಿ-ಬೆರಳು ಎಂದು ನೆಲವನ್ನು ತುಳಿಯುತ್ತಲೇ ಇದ್ದವು. ಅಮ್ಮ ತೀರಿಹೋಗಿ ಎರಡು ವರ್ಷವಾಯಿತು. ಚಿಕ್ಕಮ್ಮ ಎದುರಿನ ಖಾಲಿ ಯಂತ್ರ ನೋಡಿಕೊಂಡು ಆರು ತಿಂಗಳು ಹೊಲಿದಳು, ಆಮೇಲೆ ಅಂಗಡಿಗೆ ಬೀಗ ಹಾಕಿದಳು.

ಒಂದು ದಿನ ಊಟದ ಮಧ್ಯೆ, “ನಾನು ಪಿಯಾನೊ ಕಲೀತೀನಿ,” ಎಂದಳಂತೆ. ಚಿಕ್ಕಪ್ಪ ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಯಾವ ತಿರುವಿನಲ್ಲೂ ಗಾಬರಿಯಾಗುವ ಮನುಷ್ಯನಲ್ಲ. “ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಂಗೆ ಒಂದು ವರ್ಷ ತಡವಾಗಿ ಬಂತಲ್ಲೇ,” ಎಂದರಂತೆ. ಅಂದದ್ದು ತಮಾಷೆಗೆ. ಅಂದ ಮರುವಾರವೇ ಆ ಮೇಲ್ಮಹಡಿಯ ಟೀಚರನ್ನು ಕೇಳಿಕೊಂಡು ಬಂದು, ಮನೆಗೆ ಸರಿಹೋಗುವ ಡಿಜಿಟಲ್ ಪಿಯಾನೊ ತರಿಸಿದ್ದೂ ಅವರೇ.

ಮರದ ಸ್ಟ್ಯಾಂಡಿನ ಮೇಲೆ ಕೂರುವ ಕಪ್ಪು ಪಿಯಾನೊ. ಬಲತುದಿಯಲ್ಲಿ ಒಂದು ಗುಂಡನೆಯ ಸ್ವಿಚ್ಚು, ಅದರ ಪಕ್ಕ ಕೆಂಪು ದೀಪ. ಕೆಳಗೆ ನೆಲದ ಮೇಲೆ ವೈರಿನ ತುದಿಗೆ ಒಂದೇ ಒಂದು ಪೆಡಲ್. ಆ ಪೆಡಲ್ ತುಳಿದರೆ ನುಡಿಸಿದ ಸ್ವರ ಬೆರಳು ತೆಗೆದ ಮೇಲೂ ಉಳಿಯುತ್ತದೆ, ಕಾಲು ಎತ್ತಿದರೆ ನಿಲ್ಲುತ್ತದೆ. ಟೀಚರು ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದರು: ಆರು ತಿಂಗಳು ಪೆಡಲ್ ತಂಟೆಗೆ ಹೋಗಬಾರದು, ಬೆರಳು ಮೊದಲು ಸ್ವಚ್ಛವಾಗಬೇಕು. ಹಾಗಾದರೆ ಅದನ್ನು ಬಿಚ್ಚಿಡೋಣ ಎಂದು ನಾನು ಅಂದೆ. ಚಿಕ್ಕಪ್ಪ ಬಿಡಲಿಲ್ಲ. “ಬ್ರೇಕ್ ಕಿತ್ತುಹಾಕಿ ಗಾಡಿ ಓಡಿಸ್ತಾರೇನಮ್ಮಾ? ಇರಲಿ ಬಿಡು, ತುಳೀದಿದ್ರೆ ಆಯ್ತು.”

ಗಾಡಿಯ ವಿಷಯಕ್ಕೆ ಬಂದರೆ ಚಿಕ್ಕಪ್ಪನದೇ ಕಾನೂನು. ಪ್ರತಿದಿನ ಬೆಳಿಗ್ಗೆ ಪಿಯಾನೊದ ಪಕ್ಕ ನಿಂತು ಸ್ವಿಚ್ಚು ಹಾಕುತ್ತಿದ್ದರು. “ಸ್ಟಾರ್ಟ್ ಮಾಡೋದು ಡ್ರೈವರ್ ಕೆಲಸ. ಹತ್ತಿ ಕೂತ್ಕೋ.” ಚಿಕ್ಕಮ್ಮ ಆಮೇಲೆ ಬಂದು ಕೂರುತ್ತಿದ್ದಳು. ಅಭ್ಯಾಸ ಮುಗಿದ ಕೂಡಲೇ ಗೋಡೆಯ ಸ್ವಿಚ್ಚೂ ಸೇರಿದಂತೆ ಎಲ್ಲ ಆರಿಸಿಬಿಡುತ್ತಿದ್ದರು. ಗಾಡಿ ನಿಂತ ಮೇಲೆ ಎಂಜಿನ್ ಓಡಬಾರದು. ಪಿಯಾನೊ ಜೊತೆ ಬಂದಿದ್ದ ಮಡಚಿದ ದೊಡ್ಡ ಸೂಚನಾಪತ್ರವನ್ನು ಮೊದಲ ದಿನವೇ ನಿಂತುಕೊಂಡು ಗಟ್ಟಿಯಾಗಿ ಪೂರ್ತಿ ಓದಿದರು. ಯಾರೂ ಕೇಳಲಿಲ್ಲ. ಚಿಕ್ಕಮ್ಮನಿಗೆ ಆ ಕಾಗದದ ಮೇಲೆ ಆಸೆಯಾದದ್ದು ಬೇರೆ ಕಾರಣಕ್ಕೆ: “ಎಷ್ಟು ಚೆನ್ನಾಗಿ ಗಟ್ಟಿ ಇದೆಯಲ್ರೀ ಈ ಕಾಗದ.”

ಎರಡು ತಿಂಗಳು ಎಲ್ಲ ಸುಸೂತ್ರ. ಅವಳ ಬೆರಳು ಸೂಜಿ ಹಿಡಿದ ಬೆರಳು, ಗಟ್ಟಿ, ಚುರುಕು. ಟೀಚರ ಮೂರು ಸಾಲಿನ ಮಟ್ಟು ಅವಳಿಗೆ ಕಲಿಯುವುದೇ ಇರಲಿಲ್ಲ, ಎಲ್ಲಿತ್ತೋ ಅಲ್ಲಿಂದ ಬೆರಳಿಗೆ ಇಳಿಸಿದ್ದಷ್ಟೇ. ಭಾನುವಾರ ನಾನು ಹೋದಾಗ ನುಡಿಸಿ ತೋರಿಸುತ್ತಿದ್ದಳು. ನಾನು ಗೋಡೆ ನೋಡುತ್ತ ಕೂರುತ್ತಿದ್ದೆ. ಮುಖ ನೋಡಿದರೆ ಇಬ್ಬರಿಗೂ ಕಷ್ಟ.

ಆಗ ಚಿಕ್ಕಪ್ಪನಿಗೆ ರಕ್ತದೊತ್ತಡ ಜಾಸ್ತಿಯಿದೆ ಎಂದು ಡಾಕ್ಟರು ಬೆಳಗಿನ ನಡಿಗೆ ಹಚ್ಚಿದರು. ನಲವತ್ತು ನಿಮಿಷ ಎಂದಿದ್ದರು. ಚಿಕ್ಕಪ್ಪ ಹಳೆಯ ಡ್ರೈವರುಗಳ ಜೊತೆ ಉದ್ಯಾನದ ಬೆಂಚಿನ ಮೇಲೆ ಎರಡು ಗಂಟೆ ನಡೆದು ಬರತೊಡಗಿದರು. ಚಿಕ್ಕಮ್ಮ ತಾನೇ ಸ್ವಿಚ್ಚು ಹಾಕಿಕೊಂಡು ಅಭ್ಯಾಸಕ್ಕೆ ಕೂತಳು. ಮೊದಲ ದಿನವೇ ಪಿಯಾನೊ ಕೆಟ್ಟಿತು.

ಕೆಟ್ಟಿದ್ದು ಹೇಗೆಂದರೆ, ಒಂದು ಸ್ವರ ಒತ್ತಿ ಬೆರಳು ತೆಗೆದರೂ ಅದು ನಿಲ್ಲುತ್ತಿರಲಿಲ್ಲ. ಮುಂದಿನದು ಅದರ ಮೇಲೆ ಬೀಳುತ್ತಿತ್ತು, ಅದರ ಮುಂದಿನದು ಎರಡರ ಮೇಲೂ. ನಾಲ್ಕನೆಯ ಸ್ವರಕ್ಕೆ ಎಲ್ಲ ಕಲಸುಮೇಲೋಗರ. ಆರಿಸಿ ಮತ್ತೆ ಹಾಕಿದರೂ ಅದೇ ಗೋಳು. ಚಿಕ್ಕಪ್ಪ ಬಂದ ಮೇಲೆ ಹೇಳಿದಳು. ಅವರು ಸ್ವಿಚ್ಚು ಹಾಕಿ ಒಂದು ಬೆರಳಲ್ಲಿ ಕುಟ್ಟಿ ನೋಡಿದರು. ಸರಿಯಿತ್ತು. ಅವಳೇ ಕೂತು ನುಡಿಸಿದಳು. ಆಗಲೂ ಸರಿಯಿತ್ತು. “ಡಾಕ್ಟರನ್ನ ಕಂಡ ಕೂಡ್ಲೇ ಹಲ್ಲುನೋವು ಮಾಯ ಆಗಲ್ವಾ, ಹಾಗೇ ಇದು,” ಎಂದು ನಕ್ಕರು. ಮರುದಿನ ಅವರು ನಡಿಗೆಗೆ ಹೋದರು, ಪಿಯಾನೊ ಮತ್ತೆ ಕೆಟ್ಟಿತು.

ಮೆಕ್ಯಾನಿಕ್ ಬಂದ. ಸ್ವಿಚ್ಚು ಹಾಕಿ ಎಲ್ಲ ಕೀಗಳನ್ನೂ ಎಡದಿಂದ ಬಲಕ್ಕೆ ಬಾರಿಸಿದ, ಪೆಡಲನ್ನು ಕೈಯಲ್ಲಿ ಒತ್ತಿ ಬಿಟ್ಟು ನೋಡಿದ, ಎಲ್ಲ ಸರಿ. “ಪೆಡಲ್ ತುಳಿದುಬಿಟ್ರೇನೋ ಅಮ್ಮಾ?” ಎಂದು ಕೇಳಿದ. “ಮುಟ್ಟೋದೇ ಇಲ್ಲ ನಾನು. ಟೀಚರು ಬೇಡ ಅಂದಿದಾರೆ,” ಎಂದಳು ಚಿಕ್ಕಮ್ಮ. ಅದು ಸುಳ್ಳಲ್ಲ, ಅವಳಿಗೆ ಗೊತ್ತಿದ್ದಷ್ಟು ಸತ್ಯ. ಬಂದ ತಪ್ಪಿಗೆ ಅವನು ಮುಚ್ಚಳ ಬಿಚ್ಚಿ ಒಳಗಿಂದ ಮೂರು ಗುಂಡುಸೂಜಿ, ಒಂದು ಅಂಗಿಗುಂಡಿ ತೆಗೆದ. ಟೈಲರ್ ಮನೆಯಲ್ಲಿ ಸಕ್ಕರೆ ಡಬ್ಬದಲ್ಲೂ ಗುಂಡುಸೂಜಿ ಸಿಗುತ್ತದೆ. “ಸಿಕ್ತು ನೋಡಿ ಕಳ್ಳ!” ಎಂದು ಮುಚ್ಚಳ ಹಾಕಿ ಹೋದ. ಮರುದಿನ ಯಥಾಪ್ರಕಾರ.

ಎರಡನೆಯ ಸಲ ಬಂದಾಗ ಅವನ ಮುಖದಲ್ಲಿ ನಗು ಇರಲಿಲ್ಲ. ಅರ್ಧ ಗಂಟೆ ತಿಣುಕಿ, ಅಂಗಡಿಯಿಂದ ಬಂದ ದಿನ ಹೇಗಿತ್ತೋ ಹಾಗೆ ಎಲ್ಲವನ್ನೂ ಮೊದಲ ಸ್ಥಿತಿಗೆ ತಂದಿಟ್ಟ. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ, “ಮಿಷಿನ್ ನೂರಕ್ಕೆ ನೂರು ಸರಿ ಇದೆ ಅಮ್ಮಾ. ತಪ್ಪು ತಿಳ್ಕೋಬೇಡಿ, ವಯಸ್ಸಾಗ್ತಾ ಆಗ್ತಾ ಕಿವಿ ಒಂದೊಂದು ಸಲ ಹಾಗೇ… ನಮ್ಮ ಅಜ್ಜಿಗೂ ಹಾಗೇ ಆಗಿತ್ತು,” ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪಾಪ, ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ನನಗೆ ಈಗಲೂ ಅವನ ಮೇಲೆ ಸಿಟ್ಟಿದೆ.

ಯಾಕೆಂದರೆ ಚಿಕ್ಕಮ್ಮ ಆ ದಿನ ಲೆಕ್ಕ ಕೂಡಿಸಿದಳು. ಪಾಠಕ್ಕೆ ಹೋದಾಗ ಟೀಚರ ಮನೆಯ ದೊಡ್ಡ ಪಿಯಾನೊದಲ್ಲಿ ಸರಿಯಾಗಿ ಕೇಳುತ್ತದೆ. ಗಂಡ ಇದ್ದಾಗ ಸರಿಯಾಗಿ ಕೇಳುತ್ತದೆ. ಭಾನುವಾರ ಪುಟ್ಟಿ ಬಂದಾಗ, ಮೆಕ್ಯಾನಿಕ್ ಬಂದಾಗ ಸರಿಯಾಗಿ ಕೇಳುತ್ತದೆ. ಒಬ್ಬಳೇ ಇದ್ದಾಗ ಮಾತ್ರ ಒಂದರ ಮೇಲೊಂದು ಬೀಳುತ್ತದೆ. ಅಕ್ಕನಿಗೂ ಶುರುವಾಗಿದ್ದು ಹೀಗೇ ಅಲ್ಲವೇ? ಅರವತ್ತಕ್ಕೆ ಅರಳು ಮರಳು ಎಂಬ ಗಂಡನ ಆ ಹಳೆಯ ತಮಾಷೆಯೂ ಆಗ ಬಂದು ಚುಚ್ಚಿತು.

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ಗೊತ್ತಿದ್ದದ್ದು ಇಷ್ಟೇ: ಒಂದು ಗುರುವಾರ ಅವಳು ಫೋನು ಮಾಡಿ, “ಆ ಪಿಯಾನೊ ನಿನ್ನ ಮಗಳಿಗೆ ತಗೊಂಡು ಹೋಗೇ. ಎಳೇ ಬೆರಳು, ಕಲೀಲಿ,” ಎಂದಳು.

“ನೀನು?”

“ನಂಗೆ ಸಾಕಾಯ್ತು. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಸುಮ್ನೆ ಮಿಷಿನ್ ಕೆಟ್ಟಿದೆ ಅಂತ ಎಷ್ಟು ದಿನ ಹೇಳ್ಲಿ?”

ಹಟ ಮಾಡಿ ಶುರುಮಾಡಿದ್ದನ್ನು ಅವಳು ಎಂದೂ ಬಿಟ್ಟವಳಲ್ಲ. ಒಮ್ಮೆ ಒಂದು ಮದುವೆ ಗೌನಿನ ತೋಳನ್ನು ಐದು ಸಲ ಬಿಚ್ಚಿ ಹೊಲಿದವಳು. ಏನೋ ಆಗಿದೆ ಎನ್ನಿಸಿತು. ಆದರೆ ಕೇಳುವ ಬದಲು, ಶನಿವಾರ ಹನ್ನೊಂದಕ್ಕೆ ವ್ಯಾನು ಹೇಳಿದೆ. ನಮ್ಮ ಮನೆತನದ ಬುದ್ಧಿಯೇ ಅಷ್ಟು. ಕೇಳಬೇಕಾದದ್ದು ಬಿಟ್ಟು ಬೇರೆಲ್ಲ ಮಾಡುತ್ತೇವೆ.

ಶನಿವಾರ ಒಂಬತ್ತಕ್ಕೇ ಹೋದೆ. ಚಿಕ್ಕಪ್ಪ ಇನ್ನೂ ಬೆಂಚಿನ ಮೇಲೆ ನಡೆಯುತ್ತಿದ್ದರು. ನೀರು ಕುಡಿಯಲು ಅಡುಗೆಮನೆಗೆ ಹೋದೆ. ಶೆಲ್ಫಿನಲ್ಲಿ ಸಾಲಾಗಿ ಡಬ್ಬಗಳು. ಒಂದೊಂದರ ಮೇಲೂ ಕತ್ತರಿಯಿಂದ ನೀಟಾಗಿ ಕತ್ತರಿಸಿದ ಚೀಟಿ. ಉಪ್ಪು. ಸಕ್ಕರೆ. ಟೀ ಪುಡಿ.

ನಾನು ಲೋಟ ಹಿಡಿದುಕೊಂಡು ನಿಂತೇ ಇದ್ದೆ. ಹಿಂದಿನಿಂದ ಚಿಕ್ಕಮ್ಮ, “ಕನ್ನಡಕ ಹುಡುಕೋ ಹೊತ್ತಿಗೆ ಹಾಲು ಉಕ್ಕಿಹೋಗುತ್ತೆ, ಅದಕ್ಕೇ ಬರೆದಿಟ್ಟೆ,” ಎಂದಳು. ಅವಳ ದನಿಯಲ್ಲಿ ನಾನು ನಂಬಲಿ ಎಂಬ ಆಸೆ ಇತ್ತು. ಕನ್ನಡಕ ಅವಳ ತಲೆಯ ಮೇಲೇ ಇತ್ತು.

ಅಲ್ಲಿ ನಿಂತರೆ ಅತ್ತುಬಿಡುತ್ತೇನೆ ಎನ್ನಿಸಿ, ಸ್ಕ್ರೂಡ್ರೈವರ್ ತೆಗೆದುಕೊಂಡು, “ಸ್ಟ್ಯಾಂಡಿನ ಬೋಲ್ಟು ಸಡಿಲ ಮಾಡ್ತೀನಿ,” ಎಂದು ಹೋಗಿ ಪಿಯಾನೊ ಕೆಳಗೆ ತೂರಿಕೊಂಡೆ. ನೆಲದ ಮೇಲೆ ಅಂಗಾತ ಮಲಗಿ ಬೋಲ್ಟು ತಿರುಗಿಸುವವಳ ಹಾಗೆ ಕಣ್ಣೊರೆಸಿಕೊಂಡೆ. ಅಮ್ಮನನ್ನು ಕಳೆದುಕೊಂಡ ಹಾಗೆಯೇ ಇವಳನ್ನೂ ಚೂರುಚೂರಾಗಿ ಕಳೆದುಕೊಳ್ಳಬೇಕು. ಆ ದಾರಿಯ ಪ್ರತಿ ನಿಲ್ದಾಣವೂ ನನಗೆ ಗೊತ್ತಿತ್ತು.

ಅಷ್ಟರಲ್ಲಿ ಕುರ್ಚಿ ಎಳೆದ ಸದ್ದಾಯಿತು. “ತಡಿ ಪುಟ್ಟಿ, ಬಿಚ್ಚೋಕೆ ಮುಂಚೆ ಒಂದೇ ಒಂದು ಸಲ ನುಡಿಸ್ತೀನಿ,” ಎಂದಳು.

ನಾನು ಕೆಳಗೇ ಉಳಿದೆ. ಅವಳ ಬಲಪಾದ ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ ಬಂದಿತು. ಬಂದು ಸೀದಾ ಪೆಡಲ್ಲಿನ ಮೇಲೆ ಕೂತು, ಅದನ್ನು ಬಿಗಿಯಾಗಿ ಒತ್ತಿ ಹಿಡಿಯಿತು. ಆಮೇಲೆ ಮೇಲೆ ಬಲತುದಿಯಲ್ಲಿ ಸ್ವಿಚ್ಚು ಟಿಕ್ ಎಂದಿತು. ಆಮೇಲೆ, ಟೀಚರ ಅಪ್ಪಣೆ ನೆನಪಾದ ಹಾಗೆ, ಪಾದ ಮೆತ್ತಗೆ ಮೇಲೆದ್ದು ಹಿಂದಕ್ಕೆ ಹೋಯಿತು. ಎಲ್ಲ ಸೇರಿ ಮೂರು ಸೆಕೆಂಡು. ಅವಳು ನುಡಿಸತೊಡಗಿದಳು. ಮೊದಲ ಸ್ವರ ನಿಲ್ಲಲಿಲ್ಲ. ಎರಡನೆಯದು ಅದರ ಮೇಲೆ ಬಿತ್ತು, ಮೂರನೆಯದು ಅವೆರಡರ ಮೇಲೆ.

ನನಗೂ ಕೇಳಿಸಿತು!

“ಅಲುಗಾಡಬೇಡ!” ಎಂದು ಕೂಗಿದೆ. ದಿನಕ್ಕೆ ಐವತ್ತು ಸಲ ಆಸ್ಪತ್ರೆಯಲ್ಲಿ ಹೇಳುವ ಮಾತು, ಅದೇ ದನಿಯಲ್ಲಿ ಬಂತು. “ಹಾಗೇ ಇರು. ಚಿಕ್ಕಮ್ಮಾ, ಒಂದರ ಮೇಲೊಂದು ಬೀಳ್ತಾ ಇದೆ, ಹೌದಾ?”

“ನಿಂಗೂ ಕೇಳಿಸ್ತಾ ಇದೆಯಾ?”

“ನಂಗಷ್ಟೇ ಅಲ್ಲ, ಪಕ್ಕದ ಮನೆಯವರಿಗೂ ಕೇಳಿಸ್ತಾ ಇರುತ್ತೆ! ಆರಿಸು. ಈಗ ಎರಡೂ ಕಾಲು ಕುರ್ಚಿ ಕೆಳಗೆ ತಗೋ. ತಗೊಂಡೆಯಾ? ಈಗ ಹಾಕು. ಕಾಲು ಅಲ್ಲೇ ಇರಲಿ. ನುಡಿಸು.”

ಸ್ವರಗಳು ಒಂದೊಂದಾಗಿ, ಸ್ವಚ್ಛವಾಗಿ, ಬಿಡಿಬಿಡಿಯಾಗಿ ಬಂದವು. ಎದ್ದು ಬರುವ ಅವಸರದಲ್ಲಿ ಹಣೆಗೆ ಸ್ಟ್ಯಾಂಡು ಬಡಿದು ಬುಗುಟು ಬಂತು, ಅದರ ಪರಿವೆಯೇ ಇರಲಿಲ್ಲ. ಮತ್ತೆ ಆರಿಸಿದೆವು. ಕಾಲಿಟ್ಟು ಹಾಕಿದರೆ ಕಲಸುಮೇಲೋಗರ. ಕಾಲಿಡದೆ ಹಾಕಿದರೆ ಸ್ವಚ್ಛ. ಆರು ಸಲ ಮಾಡಿ ನೋಡಿದೆವು. ನಾನು ಕೂತು ಕಾಲಿಟ್ಟು ಹಾಕಿದರೂ ಅದೇ ಕಲಸುಮೇಲೋಗರ. ಈ ಪಿಯಾನೊಗೆ ಸ್ವಿಚ್ಚು ಹಾಕುವ ಹೊತ್ತಿಗೆ ಪೆಡಲ್ ಹೇಗಿರುತ್ತದೋ ಅದನ್ನೇ ಅದು ‘ಕಾಲಿಲ್ಲ’ ಎಂದು ತಿಳಿದುಕೊಳ್ಳುತ್ತದೆ. ಹಾಗಾಗಿ ಒತ್ತಿ ಹಿಡಿದು ಹಾಕಿದರೆ ಅದರ ಲೋಕವೇ ಉಲ್ಟಾ. ಕಾಲು ತೆಗೆದಾಗ ಇಟ್ಟಂತೆ, ಇಟ್ಟಾಗ ತೆಗೆದಂತೆ.

“ಆದ್ರೆ ನಾನು ಪೆಡಲ್ ಮುಟ್ಟೇ ಇಲ್ವಲ್ಲೇ,” ಎಂದಳು ಚಿಕ್ಕಮ್ಮ. ಮುಟ್ಟಿದ ಕಾಲನ್ನೇ ಬಗ್ಗಿ ನೋಡುತ್ತಿದ್ದಳು, ಬೇರೆ ಯಾರದ್ದೋ ಕಾಲೆಂಬಂತೆ.

ಅಷ್ಟರಲ್ಲಿ ಚಿಕ್ಕಪ್ಪ ಬಂದರು. ವಿಷಯ ಕೇಳಿ ಮೊದಲು ಬಾಯಿ ಬಿಟ್ಟುಕೊಂಡು ನಿಂತರು, ಆಮೇಲೆ ಗುಡುಗಿದರು. “ಮೊದಲ್ನೇ ದಿನಾನೇ ಓದಿದ್ನಲ್ಲೇ ನಾನು! ಪೆಡಲ್ ಒತ್ಕೊಂಡು ಸ್ವಿಚ್ ಹಾಕ್ಬೇಡಿ ಅಂತ ಬರೆದಿತ್ತು! ತಗೊಂಡ್ ಬಾರೇ ಆ ಕಾಗದಾನ, ತೋರಿಸ್ತೀನಿ!” ಪಿಯಾನೊ ಹಿಂದೆ, ಬೀರುವಿನಲ್ಲಿ, ಹಾಸಿಗೆಯ ಕೆಳಗೆ ಎಲ್ಲ ಹುಡುಕಿದರು. ಚಿಕ್ಕಮ್ಮ ಮಾತ್ರ ಹುಡುಕದೆ ಸುಮ್ಮನೆ ಗೋಡೆ ನೋಡುತ್ತಿದ್ದಳು. ಗೋಡೆಯ ಮೊಳೆಗೆ, ಬಟ್ಟೆಯ ಮೇಲಿಟ್ಟು ಕತ್ತರಿಸುವ ಅವಳ ಅಳತೆಯ ಕಾಗದಗಳು ತೂಗುತ್ತಿದ್ದವು: ತೋಳಿನ ಅಳತೆ, ಜೇಬಿನ ಅಳತೆ, ಎಲ್ಲದರ ಮುಂದೆ ಹೊಸದಾಗಿ ಕತ್ತರಿಸಿದ, ಮಕ್ಕಳ ಅಂಗಿಯ ಒಂದು ಕಾಲರ್. ಚಿಕ್ಕಪ್ಪ ಅದನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಕಾಲರಿನ ಬಾಗಿನಲ್ಲಿ ಅರ್ಧಕ್ಕೆ ಕತ್ತರಿಸಿದ ಸಾಲು: “ಎಚ್ಚರಿಕೆ: ಪೆಡಲನ್ನು ಒತ್ತಿಕೊಂಡು ಸ್ವಿಚ್…”

“ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ,” ಎಂದರು ಚಿಕ್ಕಪ್ಪ. “ಕತ್ತರಿಸಿ ಗೋಡೆಗೇ ನೇತುಹಾಕಿದೀಯಲ್ಲೇ, ಪುಣ್ಯಾತ್ಗಿತ್ತಿ!”

“ಕಾಗದ ಗಟ್ಟಿ ಇತ್ತು ಕಣ್ರೀ,” ಎಂದಳು ಅವಳು. ನಗಲು ಹೋದಳು. ನಗು ಅರ್ಧಕ್ಕೆ ಬಂದು ಅಳುವಾಯಿತು. ಹಾಗೆ ಅವಳು ಅತ್ತದ್ದನ್ನು ಅಮ್ಮ ಹೋದ ದಿನವೂ ನಾನು ನೋಡಿರಲಿಲ್ಲ.

ಆಗ ಎಲ್ಲ ಹೊರಗೆ ಬಂತು. ಐದು ವಾರದಿಂದ ಪ್ರತಿದಿನ ಬೆಳಿಗ್ಗೆ ಒಬ್ಬಳೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳಂತೆ. ಹಳೆಯ ಗಿರಾಕಿಗಳ ಎದೆಯಳತೆ, ಸೊಂಟದಳತೆ ಒಂದೊಂದಾಗಿ ಜ್ಞಾಪಿಸಿಕೊಳ್ಳುವುದು, ಒಂದು ತಪ್ಪಿದರೂ ಇಡೀ ದಿನ ಅನ್ನ ಸೇರುತ್ತಿರಲಿಲ್ಲವಂತೆ. ಚಿಕ್ಕಪ್ಪ ಅವಳ ಪಕ್ಕ ನೆಲದ ಮೇಲೇ ಕೂತರು. “ಅರಳು ಮರಳು ಅಂದ ಬಾಯಿಗೆ ಹುಳ ಬೀಳ,” ಎಂದು ತಮ್ಮನ್ನು ತಾವೇ ಬೈದುಕೊಂಡರು. “ಹೇಳ್ಬಾರದಾಗಿತ್ತೇನೇ ನನ್ನ ಹತ್ರ? ಒಂದು ದಿನ ನಡೆಯೋಕೆ ಹೋಗದಿದ್ರೆ ನಾನೇನು ಸಾಯ್ತಿದ್ನಾ?”

“ಏನಂತ ಹೇಳೋದು? ಅಕ್ಕನ ಕಾಯಿಲೆ ನಂಗೂ ಬಂತು ಅಂತಾನಾ?” ಮೂಗು ಒರೆಸಿಕೊಂಡು ತನ್ನ ಬಲಪಾದವನ್ನು ಎತ್ತಿ ಇನ್ನೊಂದು ಮೊಣಕಾಲಿನ ಮೇಲಿಟ್ಟುಕೊಂಡಳು. ತುಳಿದು ತುಳಿದು ಅಂಗಾಲು ಚರ್ಮದ ಹಾಗೆ ಗಟ್ಟಿಯಾಗಿತ್ತು. “ಚಕ್ರ ಬಲಗಡೆ, ಸ್ವಿಚ್ಚೂ ಬಲಗಡೆ. ಕೈ ಆ ಕಡೆ ಹೋಗ್ಬೇಕಾದ್ರೆ ಕಾಲು ತಾನಾಗೇ ಹೋಗಿ ಕೂತಿದೆ, ನೋಡು. ನಂಗೆ ಹೇಳದೇನೇ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ, ಇದು ಹುಟ್ಟುಗುಣಾನೂ ಅಲ್ಲ. ಅಕ್ಕ ಅಡಿಕೋಲಲ್ಲಿ ಹೊಡೆದು ಕಲಿಸಿದ್ದು.” ಪಾದವನ್ನು ಅಂಗೈಯಿಂದ ಸವರಿದಳು. “ಅಕ್ಕನ ಕಾಯಿಲೆ ಬಂತು ಅಂದ್ಕೊಂಡು ಹೆದರಿ ಸತ್ತೆ ಕಣೇ ಪುಟ್ಟಿ. ಇದು ಅಕ್ಕನ ಪಾಠ.”

ಕುರ್ಚಿಯಲ್ಲಿ ಕೂತು ಬರಿನೆಲವನ್ನು ತುಳಿಯುತ್ತಿದ್ದ ಅಮ್ಮನ ಪಾದಗಳು ಕಣ್ಣಮುಂದೆ ಬಂದವು. ಹನ್ನೊಂದಕ್ಕೆ ವ್ಯಾನಿನವನು ಬಂದು ಹಾರ್ನ್ ಹೊಡೆದ. ಚಿಕ್ಕಪ್ಪ ಹೊರಗೆ ಹೋಗಿ ಕ್ಷಮೆ ಕೇಳಿ ಕಳಿಸಿ ಬಂದರು. ನಾನು ಅಡುಗೆಮನೆಗೆ ಹೋಗಿ ಡಬ್ಬಗಳ ಚೀಟಿಗಳನ್ನು ಒಂದೊಂದಾಗಿ ಕಿತ್ತೆ. ಟೀ ಮಾಡಲು ಬಂದ ಚಿಕ್ಕಪ್ಪ ಚೀಟಿ ಇಲ್ಲದೆ ಗಲಿಬಿಲಿಗೊಂಡು ಎರಡು ಚಮಚ ಉಪ್ಪು ಹಾಕಿದರು. ಮೂವರೂ ಅದನ್ನು ಬಾಯಿಗಿಟ್ಟು ಒಟ್ಟಿಗೆ ಉಗುಳಿದೆವು.

ಅದಾಗಿ ನಾಲ್ಕು ತಿಂಗಳು. ಚಿಕ್ಕಮ್ಮ ಮೆಕ್ಯಾನಿಕ್‌ಗೆ ಫೋನು ಮಾಡಿ ವಿಷಯ ತಿಳಿಸಿದ್ದಾಳೆ. ಬೈಯಲಿಲ್ಲವಂತೆ, ಅವನ ಅಜ್ಜಿ ಹೇಗಿದ್ದಾರೆಂದು ವಿಚಾರಿಸಿದಳಂತೆ. ಪೆಡಲ್‌ಗೆ ಒಂದು ಚೀಲ ಹೊಲಿದಿದ್ದಾಳೆ, ಲಾಡಿ ಎಳೆದರೆ ಬಾಯಿ ಮುಚ್ಚಿಕೊಳ್ಳುವಂಥದ್ದು. ಅಭ್ಯಾಸ ಮುಗಿದ ಮೇಲೆ ಪೆಡಲನ್ನು ಅದರಲ್ಲಿ ಹಾಕಿ ಲಾಡಿ ಕಟ್ಟಿ ಪಕ್ಕಕ್ಕೆ ಸರಿಸಬೇಕು, ಮರುದಿನ ಕೆಂಪು ದೀಪ ಹೊತ್ತಿದ ಮೇಲೆ ತೆಗೆಯಬೇಕು ಎಂದು ಏರ್ಪಾಡು. ಆದರೂ ಕಾಲು ಕೇಳುವುದಿಲ್ಲ. ಪೆಡಲ್ ಇಲ್ಲದಿದ್ದರೂ ಆ ಜಾಗಕ್ಕೆ ಹೋಗಿ ನೆಲವನ್ನೇ ತುಳಿಯುತ್ತದೆ. ಅದಕ್ಕೆ ಅವಳೇ ಇನ್ನೊಂದು ಉಪಾಯ ಕಂಡುಕೊಂಡಿದ್ದಾಳೆ. ಕೂತ ಮೇಲೆ ಎರಡೂ ಪಾದ ಕುರ್ಚಿಯ ಕೆಳಗೆ ಎಳೆದುಕೊಂಡು, ಎದುರಿನ ಗೋಡೆ ನೋಡಿ, “ಅಕ್ಕಾ, ಇವತ್ತೊಂದಿನ ಕೈ ಮೊದಲು ಹಾಕ್ತೀನಿ. ಬೈಬೇಡ,” ಎಂದು ಗಟ್ಟಿಯಾಗಿ ಹೇಳಿ, ಆಮೇಲೆ ಸ್ವಿಚ್ಚು ಒತ್ತುತ್ತಾಳೆ. ಚಿಕ್ಕಪ್ಪ ಇದ್ದರೂ ಸರಿ, ಟೀಚರು ಬಂದಿದ್ದರೂ ಸರಿ, ಹೇಳದೆ ಒತ್ತುವುದಿಲ್ಲ.

ಹೋದ ಭಾನುವಾರ ನಾನು ಅವಳ ಹಿಂದೆ ಸೋಫಾದಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದೆ. ಚಿಕ್ಕಮ್ಮ ಪಾದ ಎಳೆದುಕೊಂಡಳು, ಗೋಡೆ ನೋಡಿದಳು, ಎಂದಿನಂತೆ ಅಪ್ಪಣೆ ಕೇಳಿದಳು. ನನ್ನ ದನಿ ಥೇಟ್ ಅಮ್ಮನದೇ ಎಂದು ಎಲ್ಲರೂ ಹೇಳುತ್ತಾರೆ, ಫೋನಿನಲ್ಲಂತೂ ಚಿಕ್ಕಪ್ಪ ಎಷ್ಟೋ ಸಲ ಮೋಸ ಹೋಗಿದ್ದಾರೆ. ಯಾಕೆ ಹೇಳಿದೆನೋ ಗೊತ್ತಿಲ್ಲ. “ಬೈಯಲ್ಲ, ಹಾಕು,” ಎಂದೆ.

ಅವಳು ತಿರುಗಿ ನೋಡಲಿಲ್ಲ. ಪಾದಗಳನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡಳು. ಆಮೇಲೆ ಬಲಗೈ ಚಾಚಿ ಸ್ವಿಚ್ಚು ಹಾಕಿ, ಆ ಮೂರು ಸಾಲನ್ನು ಒಂದೂ ಎಡವದೆ ಪೂರ್ತಿ ನುಡಿಸಿದಳು.